ಮಟ್ಟು ಮತ್ತು ಮುಷ್ಕರ: ಸ್ವೀಡನ್ನಿನ ಹಾಡುಗಾರ ಜೋ ಹಿಲ್ (1879–1915)

ಜೋ ಹಿಲ್ ಎಂಬ ಹೆಸರನ್ನು ಬಲ್ಲವರಲ್ಲಿ ಬಹುಮಂದಿ ಅದನ್ನು ಒಂದು ಹಾಡಿನ ಮೂಲಕ ಬಲ್ಲರು. ಆದರೆ ಆ ಹಾಡನ್ನು ಬರೆದವನು ಜೋ ಹಿಲ್ ಅಲ್ಲ. ಆಲ್ಫ್ರೆಡ್ ಹೇಯ್ಸ್ ಎಂಬ ಕವಿ ರಚಿಸಿದ ಪದ್ಯಕ್ಕೆ ಅರ್ಲ್ ರಾಬಿನ್‌ಸನ್ 1936ರಲ್ಲಿ ರಾಗ ಹಾಕಿದ. ಕೊಲೆಯಾದ ಹಾಡುಗಾರನೊಬ್ಬ ಕನಸಿನಲ್ಲಿ ಬಂದು ತಾನು ಸತ್ತಿಲ್ಲವೆಂದು ಹೇಳುವುದು ಅದರ ವಸ್ತು. ಪಾಲ್ ರೋಬ್ಸನ್ ಅದನ್ನು ಹಲವು ದೇಶಗಳಿಗೆ ಮುಟ್ಟಿಸಿದರು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್‌ನ ಮಹಾಮೇಳದಲ್ಲಿ ಜೋನ್ ಬೇಜ್ ಹಾಡಿದರು. ಹೀಗೆ, ತಾನು ಬರೆಯದ ಹಾಡಿನ ನಾಯಕನಾಗಿ ಲೋಕಪ್ರಸಿದ್ಧನಾದ ಈ ಮನುಷ್ಯ ಸ್ವತಃ ಬರೆದ ಹಾಡುಗಳು ಯಾವುವು, ಅವು ಯಾರಿಗಾಗಿ ಹುಟ್ಟಿದವು, ಯಾವ ಬಾಯಲ್ಲಿ ಬದುಕಿದವು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಅವನ ಬಗೆಗಿನ ವಿದ್ವತ್ತಿನಲ್ಲಿಯೂ ಹೆಚ್ಚಿನ ಶ್ರಮ ವ್ಯಯವಾಗಿರುವುದು ಅವನು ಕೊಲೆಗಾರನೋ ಹುತಾತ್ಮನೋ ಎಂಬ ವಿವಾದದಲ್ಲಿ. ಆ ವಿವಾದ ಕ್ಷುಲ್ಲಕವೆಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ಪ್ರಾಣ ಹೋದ ಸಂಗತಿ ಅದು. ಆದರೆ ಹುತಾತ್ಮನ ನೆರಳು ಹಾಡುಗಾರನನ್ನು ಮರೆಮಾಡಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಸ್ವೀಡನ್ನಿನ ಪೂರ್ವ ಕರಾವಳಿಯ ಬಂದರು ಪಟ್ಟಣವಾದ ಯೇವ್ಲೆಯಲ್ಲಿ 1879ರ ಅಕ್ಟೋಬರ್ 7ರಂದು ಅವನ ಜನನ. ಇಟ್ಟ ಹೆಸರು ಯೋಯೆಲ್ ಎಮಾನುಯೆಲ್ ಹೆಗ್ಲುಂಡ್. ತಂದೆ ಓಲೋಫ್ ರೈಲ್ವೆಯಲ್ಲಿ ಕಂಡಕ್ಟರ್. ತಾಯಿ ಮಾರ್ಗರೆಟಾ ಕಟರೀನಾ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಆರು. ಮನೆ ಬಡತನದ್ದಾದರೂ ಭಕ್ತಿ ಮತ್ತು ಸಂಗೀತ ಎರಡಕ್ಕೂ ಅಲ್ಲಿ ಬರವಿರಲಿಲ್ಲ. ತಂದೆ ಸ್ವಂತ ಕೈಯಿಂದ ಒಂದು ಆರ್ಗನ್ ವಾದ್ಯವನ್ನೇ ಮಾಡಿಕೊಂಡಿದ್ದ. ಚರ್ಚಿನ ಸ್ತುತಿಗೀತೆಗಳ ಮಟ್ಟುಗಳು ಹುಡುಗನ ಕಿವಿಗೆ ಮಾತಿನಷ್ಟೇ ಸಹಜವಾಗಿ ಬಿದ್ದವು. ಮುಂದೆ ಇಪ್ಪತ್ತೈದು ವರ್ಷಗಳ ಮೇಲೆ, ಭೂಮಿಯ ಇನ್ನೊಂದು ಬದಿಯಲ್ಲಿ, ಅದೇ ಬಗೆಯ ಮಟ್ಟುಗಳನ್ನು ಅವನು ತೀರ ಬೇರೆಯದಾದ ಕೆಲಸಕ್ಕೆ ಹಚ್ಚಿದನೆಂಬುದರಿಂದ ಈ ವಿವರಕ್ಕೆ ಮಹತ್ವವಿದೆ.

1887ರಲ್ಲಿ ಕೆಲಸದಲ್ಲಾದ ಗಾಯದಿಂದ ತಂದೆ ತೀರಿಕೊಂಡ. ಎಂಟು ವರ್ಷದ ಹುಡುಗನಿಗೆ ಶಾಲೆಗಿಂತ ಕೂಲಿ ಹತ್ತಿರವಾಯಿತು. ಹಗ್ಗದ ಕಾರ್ಖಾನೆಯಲ್ಲಿ ದುಡಿದ. ಉಗಿಯಂತ್ರದ ಕ್ರೇನಿಗೆ ಬೆಂಕಿ ಹಾಕುವ ಕೆಲಸ ಮಾಡಿದ. ಇಪ್ಪತ್ತರ ಹರೆಯದಲ್ಲಿ ಚರ್ಮ ಮತ್ತು ಕೀಲುಗಳಿಗೆ ಕ್ಷಯ ತಗುಲಿ ಸ್ಟಾಕ್‌ಹೋಮ್‌ನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಳಾದವು. ಮುಖ ಮತ್ತು ಕುತ್ತಿಗೆಯ ಮೇಲಿನ ಗಾಯದ ಗುರುತುಗಳು ಕೊನೆಯವರೆಗೂ ಉಳಿದವು. 1902ರಲ್ಲಿ ತಾಯಿಯೂ ಇಲ್ಲವಾದಳು. ಮಕ್ಕಳು ಮನೆಯನ್ನು ಮಾರಿ ಚದುರಿದರು. ಅದೇ ವರ್ಷದ ಶರತ್ಕಾಲದಲ್ಲಿ ಯೋಯೆಲ್ ಮತ್ತು ಅವನ ಅಣ್ಣ ಪಾಲ್ ಅಮೆರಿಕಕ್ಕೆ ಹಡಗು ಹತ್ತಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಸ್ವೀಡನ್ನಿನಿಂದ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೊರಟುಹೋದರು. ಆ ಪ್ರವಾಹದಲ್ಲಿ ಈ ಇಬ್ಬರೂ ಎರಡು ಹನಿಗಳು.

ಮುಂದಿನ ಎಂಟು ವರ್ಷಗಳ ಬಗ್ಗೆ ಚರಿತ್ರಕಾರನಿಗೆ ದೊರೆಯುವುದು ಅಲ್ಲೊಂದು ಇಲ್ಲೊಂದು ಹೆಜ್ಜೆಗುರುತು ಮಾತ್ರ. ಹೆಸರು ಮೊದಲು ಜೋಸೆಫ್ ಹಿಲ್‌ಸ್ಟ್ರಾಮ್ ಎಂದಾಯಿತು, ಬಳಿಕ ಜೋ ಹಿಲ್ ಎಂದು ಮೊಟಕಾಯಿತು. ಸಂಘಟನೆಗೆ ಕೈಹಾಕಿ ಮಾಲೀಕರ ಕಪ್ಪುಪಟ್ಟಿಗೆ ಸೇರಿದ್ದರಿಂದ ಹೆಸರು ಬದಲಿಸಿದ ಎಂಬ ಐತಿಹ್ಯವಿದೆ. ಅಮೆರಿಕನ್ನರ ನಾಲಗೆಗೆ ಹೊಂದುವ ಹೆಸರು ಬೇಕಾಗಿತ್ತು ಎಂಬಷ್ಟೇ ಕಾರಣವೂ ಇರಬಹುದು. 1906ರ ಏಪ್ರಿಲಿನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊ ನಗರ ಭೂಕಂಪಕ್ಕೆ ಸಿಲುಕಿದಾಗ ಅವನು ಅಲ್ಲಿದ್ದ. ಕಂಡದ್ದನ್ನು ಸ್ವೀಡಿಷ್ ಭಾಷೆಯಲ್ಲಿ ಬರೆದು ತನ್ನೂರಿನ 'ಯೆಫ್ಲೆ ದಾಗ್‌ಬ್ಲಾಡ್' ಪತ್ರಿಕೆಗೆ ಕಳುಹಿಸಿದ, ಅದು ಅಚ್ಚಾಯಿತು. ಅವನನ್ನು ಇಂಗ್ಲಿಷ್ ಹಾಡುಗಾರನೆಂದು ಮಾತ್ರ ಅರಿತವರು ಈ ವರದಿಯನ್ನು ನೆನಪಿನಲ್ಲಿಡಬೇಕು. ಬರೆಯುವ ಕೈ ಮೊದಲೇ ಇತ್ತು. ಬದಲಾದದ್ದು ಭಾಷೆ ಮತ್ತು ಓದುಗ.

ಆ ಓದುಗ ಯಾರು? ಬೆಳೆ ಕೊಯ್ಲಿನ ಹಿಂದೆ, ರೈಲುಹಾದಿಯ ಕಾಮಗಾರಿಯ ಹಿಂದೆ, ಮರ ಕಡಿಯುವ ಶಿಬಿರಗಳ ಹಿಂದೆ ಅಲೆಯುತ್ತಿದ್ದ ಕೂಲಿಕಾರ. ಸಾಮಾನು ಸಾಗಿಸುವ ರೈಲುಗಳಲ್ಲಿ ಕದ್ದು ಪ್ರಯಾಣಿಸುವವನು. ಮನೆಯಿಲ್ಲ, ಮತವಿಲ್ಲ, ಎಷ್ಟೋ ವೇಳೆ ಇಂಗ್ಲಿಷೂ ಸರಿಯಾಗಿ ಇಲ್ಲ. ಅಂದಿನ ಪ್ರಬಲ ಕಾರ್ಮಿಕ ಒಕ್ಕೂಟವಾಗಿದ್ದ ಅಮೆರಿಕನ್ ಫೆಡರೇಶನ್ ಆಫ್ ಲೇಬರ್ ಮುಖ್ಯವಾಗಿ ಕುಶಲಕರ್ಮಿಗಳನ್ನು ಕಸುಬಿಗೊಂದು ಸಂಘವಾಗಿ ಸೇರಿಸುತ್ತಿತ್ತು. ಅಕುಶಲ ಕೂಲಿಗಳೂ ಹೊಸದಾಗಿ ಬಂದ ಪರದೇಶಿಗಳೂ ಬಹುಮಟ್ಟಿಗೆ ಅದರ ಹೊರಗೆ ಉಳಿದಿದ್ದರು. 1905ರ ಜೂನಿನಲ್ಲಿ ಷಿಕಾಗೋದಲ್ಲಿ ಹುಟ್ಟಿದ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್ (ಐ.ಡಬ್ಲ್ಯು.ಡಬ್ಲ್ಯು.) ಈ ಹೊರಗಿನವರಿಗಾಗಿಯೇ ಬಾಗಿಲು ತೆರೆಯಿತು. ಕಸುಬು, ಬಣ್ಣ, ಲಿಂಗ, ದೇಶಗಳ ಭೇದವಿಲ್ಲದೆ ಎಲ್ಲ ದುಡಿಮೆಗಾರರಿಗೂ ಒಂದೇ ಸಂಘ ಎಂಬುದು ಅದರ ತತ್ತ್ವ. ಇದರ ಸದಸ್ಯರನ್ನು 'ವಾಬ್ಲಿ'ಗಳೆಂದು ಕರೆಯುವುದು ರೂಢಿ. ಹಿಲ್ 1910ರ ಹೊತ್ತಿಗೆ ಇದರ ಸದಸ್ಯನಾಗಿದ್ದ. ಆ ವರ್ಷ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಿಂದ ಅವನು ಸಂಘದ ಪತ್ರಿಕೆಗೆ ಬರೆದ ಪತ್ರ ಅವನ ಸಂಘಜೀವನದ ಮೊದಲ ದಾಖಲೆಗಳಲ್ಲೊಂದು.

ಪ್ರಸಂಗವಶಾತ್ ಒಂದು ಮಾತು. ಅದೇ ಪಶ್ಚಿಮ ಕರಾವಳಿಯಲ್ಲಿ, ಅದೇ ವರ್ಷಗಳಲ್ಲಿ, ಲಾಲಾ ಹರದಯಾಳರು ಐ.ಡಬ್ಲ್ಯು.ಡಬ್ಲ್ಯು.ವಿನ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಕಾರ್ಯದರ್ಶಿಯಾಗಿದ್ದರು. 1913ರಲ್ಲಿ ಗದರ್ ಪಕ್ಷ ಅಲ್ಲಿಯೇ ರೂಪುಗೊಂಡಿತು. ಗದರ್‌ನವರೂ ತಮ್ಮ ಪಂಜಾಬಿ ಕೂಲಿಕಾರರಿಗಾಗಿ ಪದ್ಯಗಳ ಕಿರುಪುಸ್ತಕಗಳನ್ನು ಅಚ್ಚು ಹಾಕಿಸಿದರು. ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸುವುದು ನನ್ನ ಉದ್ದೇಶವಲ್ಲ. ಆದರೆ ಮನೆ ಬಿಟ್ಟು ದೂರ ಬಂದ ಕೂಲಿಗಳ ನಡುವೆ ಕರಪತ್ರಕ್ಕಿಂತ ಹಾಡು ಬೇಗ ನಡೆಯುತ್ತದೆಂಬ ಅರಿವು ಆ ಕರಾವಳಿಯ ಎರಡು ಗುಂಪುಗಳಿಗೂ ಏಕಕಾಲದಲ್ಲಿ ಇತ್ತೆಂಬುದು ಗಮನಾರ್ಹ.

ವಾಬ್ಲಿಗಳ ಹಾಡಿನ ಹುಟ್ಟಿಗೆ ಬೀದಿಯ ಒಂದು ಜಗಳವೇ ಕಾರಣ. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಪಟ್ಟಣದಲ್ಲಿ ಕೂಲಿಗಳಿಗೆ ಕೆಲಸ ಕೊಡಿಸುವುದಾಗಿ ಹಣ ಕಿತ್ತು ಮೋಸ ಮಾಡುವ ದಲ್ಲಾಳಿಗಳ ವಿರುದ್ಧ ಸಂಘದವರು ಬೀದಿ ಮೂಲೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಅದೇ ಮೂಲೆಗೆ ಮುಕ್ತಿಫೌಜಿನ ವಾದ್ಯಮೇಳ ಬಂದು ತಮಟೆ ಕಹಳೆಗಳೊಂದಿಗೆ ಸ್ತುತಿಗೀತೆ ನುಡಿಸಿದರೆ ಭಾಷಣ ಯಾರಿಗೂ ಕೇಳುತ್ತಿರಲಿಲ್ಲ. ವಾಬ್ಲಿಗಳು ಕಂಡುಕೊಂಡ ಉಪಾಯ ಸರಳವಾದುದು: ಮೇಳ ನುಡಿಸುವ ಮಟ್ಟಿಗೇ ತಮ್ಮ ಮಾತುಗಳನ್ನು ಕೂಡಿಸಿ ಹಾಡುವುದು. ಎದುರಾಳಿಯ ಪಕ್ಕವಾದ್ಯ ಪುಕ್ಕಟೆಯಾಗಿ ದೊರೆಯಿತು. 1909ರಲ್ಲಿ ಸ್ಪೊಕೇನಿನ ಶಾಖೆ ಇಂಥ ಹಾಡುಗಳನ್ನು ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಕೆಂಪು ಹೊದಿಕೆಯ ಪುಸ್ತಕವಾಗಿ ಹೊರತಂದಿತು. ಕಿರಿ ಕೆಂಪು ಹಾಡುಪುಸ್ತಕವೆಂದೇ ಇದು ಹೆಸರಾಗಿದೆ.

ಹಳೆಯ ಮಟ್ಟಿಗೆ ಹೊಸ ಮಾತು ಕೂಡಿಸುವುದು ಕನ್ನಡ ಓದುಗರಿಗೆ ಅಪರಿಚಿತವಲ್ಲ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗುತ್ತಿದ್ದುದನ್ನು ಹಿರಿಯರು ಬಲ್ಲರು. ವಾಬ್ಲಿ ಹಾಡುಪುಸ್ತಕವೂ ಹಾಗೆಯೇ: ಶೀರ್ಷಿಕೆ, ಅದರ ಕೆಳಗೆ ಮಟ್ಟಿನ ಹೆಸರು, ಆಮೇಲೆ ಮಾತು. ಸ್ವರಲಿಪಿಯ ಗೋಜಿಲ್ಲ. ಆದರೆ ವ್ಯತ್ಯಾಸವೊಂದಿದೆ. ನಾಟಕದ ಹಾಡಿನಲ್ಲಿ ಮಟ್ಟು ಕೇವಲ ಅನುಕೂಲ. ಮೂಲದ ಹಾಡಿನ ಅರ್ಥವನ್ನು ಕೇಳುಗ ನೆನೆಯಬೇಕಾಗಿಲ್ಲ. ಹಿಲ್‌ನ ಹಾಡಿನಲ್ಲಿ ಮೂಲ ನೆನಪಾಗಲೇಬೇಕು. ಎರಡು ಹಾಡುಗಳೂ ಒಟ್ಟಿಗೆ ಕಿವಿಯಲ್ಲಿ ನಡೆದಾಗಲೇ ಅದರ ಕುಟುಕು ತಾಗುತ್ತದೆ.

1911ರ ಆವೃತ್ತಿಯಲ್ಲಿ ಬಂದ 'ದ ಪ್ರೀಚರ್ ಅಂಡ್ ದ ಸ್ಲೇವ್' ಇದಕ್ಕೆ ಅತ್ಯುತ್ತಮ ನಿದರ್ಶನ. ಸ್ವರ್ಗದ ಸುಂದರ ತೀರದಲ್ಲಿ ನಾವೆಲ್ಲರೂ ಸಂಧಿಸುವೆವು ಎಂಬ ಭಾವದ, ಶವಸಂಸ್ಕಾರಗಳಲ್ಲಿ ಹಾಡುತ್ತಿದ್ದ ಪ್ರಸಿದ್ಧ ಸ್ತುತಿಗೀತೆಯ ಮಟ್ಟು ಅದಕ್ಕಿದೆ. ಹಸಿದವನು ಅನ್ನ ಕೇಳಿದರೆ ಬೋಧಕ ಕೊಡುವ ಉತ್ತರವೇ ಹಿಲ್‌ನ ವಸ್ತು: ಇಲ್ಲಿ ದುಡಿ, ಪ್ರಾರ್ಥಿಸು, ಹುಲ್ಲು ತಿಂದು ಬದುಕು, ಊಟ ಸತ್ತ ಮೇಲೆ. ಹಾಡಿನ ಕೊನೆಯ ಭಾಗದಲ್ಲಿ ದುಡಿಯುವವರು ಒಂದಾಗಿ ಮಾತನ್ನು ತಿರುಗಿಸುತ್ತಾರೆ. ಅಡಿಗೆ ಕಲಿತು ಸೌದೆ ಒಡೆದರೆ ನಿಮಗೂ ಊಟ ಸಿಕ್ಕೀತು ಎಂದು ಬೋಧಕರಿಗೇ ಹೇಳುತ್ತಾರೆ. ಈ ಹಾಡಿನಿಂದ ಇಂಗ್ಲಿಷ್ ಭಾಷೆಗೆ ಒಂದು ನುಡಿಗಟ್ಟು ಬಂದಿತು. ಕೈಗೆ ಸಿಗದ ಸುಖದ ಆಶ್ವಾಸನೆಗೆ ನಾವು ಕನ್ನಡಿಯೊಳಗಿನ ಗಂಟು ಎನ್ನುವಲ್ಲಿ ಇಂಗ್ಲಿಷಿನವರು 'ಪೈ ಇನ್ ದ ಸ್ಕೈ' ಎನ್ನುತ್ತಾರೆ. ಇಂದು ಬಂಡವಾಳಗಾರರೂ ಮಂತ್ರಿಗಳೂ ಇದನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ. ಇದನ್ನು ಟಂಕಿಸಿದವನು ಇಂಗ್ಲಿಷನ್ನು ದೊಡ್ಡವನಾದ ಮೇಲೆ ಕಲಿತ ಸ್ವೀಡಿಷ್ ಕೂಲಿ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಅದೇ ವರ್ಷದ 'ಕೇಸಿ ಜೋನ್ಸ್' ಇನ್ನೊಂದು ಬಗೆಯದು. 1900ರಲ್ಲಿ ಅಪಘಾತದಲ್ಲಿ ಮಡಿದ ಈ ಹೆಸರಿನ ರೈಲು ಚಾಲಕನನ್ನು ವೀರನೆಂದು ಕೊಂಡಾಡುವ ಜನಪ್ರಿಯ ಹಾಡೊಂದಿತ್ತು. 1911ರ ಸೆಪ್ಟೆಂಬರ್ ಕೊನೆಯಲ್ಲಿ ಸದರ್ನ್ ಪೆಸಿಫಿಕ್ ಮೊದಲಾದ ರೈಲು ಕಂಪನಿಗಳ ಕಾರ್ಯಾಗಾರದ ನೌಕರರು ಮುಷ್ಕರ ಹೂಡಿದಾಗ ಇತರ ಕಸುಬಿನ ಸಂಘದವರು ರೈಲು ಓಡಿಸುತ್ತಲೇ ಉಳಿದರು. ಹಿಲ್ ಆ ವೀರ ಚಾಲಕನನ್ನೇ ಮುಷ್ಕರ ಮುರಿಯುವವನನ್ನಾಗಿ ಮಾಡಿದ. ಅವನ ಕೇಸಿ ಜೋನ್ಸ್ ಸತ್ತು ಸ್ವರ್ಗಕ್ಕೆ ಹೋಗುತ್ತಾನೆ. ಅಲ್ಲಿಯೂ ವಾದ್ಯಗಾರರ ಮುಷ್ಕರ ನಡೆದಿರುತ್ತದೆ. ಅಲ್ಲಿಯೂ ಮುಷ್ಕರ ಮುರಿಯಹೋಗಿ ದೇವದೂತರ ಸಂಘದ ಕೈಯಿಂದ ನರಕಕ್ಕೆ ತಳ್ಳಿಸಿಕೊಳ್ಳುತ್ತಾನೆ. ಒಂದು ಆಡಳಿತದ ವಿರುದ್ಧ ಹಲವು ಸಂಘಗಳಾಗಿ ಹೋರಾಡಿದರೆ ಸೋಲು ಖಚಿತವೆಂಬ ವಾಬ್ಲಿಗಳ ತರ್ಕವನ್ನು ಪುಟಗಟ್ಟಲೆ ವಿವರಿಸಬಹುದು. ಈ ಹಾಡು ಅದನ್ನು ನಗೆಯಲ್ಲಿ ಮುಗಿಸುತ್ತದೆ. ಮುಷ್ಕರ ಕೊನೆಗೆ ಸೋತಿತು. ಹಾಡು ಮಾತ್ರ ಉಳಿಯಿತು.

ತನ್ನ ಕಸುಬಿನ ಬಗ್ಗೆ ಹಿಲ್‌ಗೆ ಸ್ಪಷ್ಟ ತಿಳಿವಳಿಕೆ ಇತ್ತು. 1914ರಲ್ಲಿ ಸೆರೆಮನೆಯಿಂದ ಸಂಘದ ಪತ್ರಿಕೆಗೆ ಬರೆದ ಪತ್ರದಲ್ಲಿ ಅವನು ಹೇಳುವ ಮಾತಿನ ಸಾರ ಇಷ್ಟು: ಕರಪತ್ರ ಎಷ್ಟೇ ಒಳ್ಳೆಯದಿದ್ದರೂ ಜನ ಅದನ್ನು ಒಂದು ಸಲ ಓದಿ ಬಿಡುತ್ತಾರೆ, ಹಾಡನ್ನಾದರೋ ಬಾಯಿಪಾಠ ಮಾಡಿ ಮತ್ತೆ ಮತ್ತೆ ಹೇಳುತ್ತಾರೆ, ಒಣ ಸತ್ಯಗಳಿಗೆ ಹಾಸ್ಯದ ಅಂಗಿ ತೊಡಿಸಿದರೆ, ಓದಲಾರದವನಿಗೂ ಓದಲೊಲ್ಲದವನಿಗೂ ಅವು ಮುಟ್ಟುತ್ತವೆ. ಅದೇ ಪತ್ರದಲ್ಲಿ, ಪಶ್ಚಿಮದ ಸಂಘ ಹೆಂಗಸರನ್ನು ಕಡೆಗಣಿಸಿ ಒಂಟಿಕಾಲಿನ ಪ್ರಾಣಿಯಾಗಿದೆ ಎಂದು ದೂರಿದ್ದಾನೆ. ತನ್ನ ಪಕ್ಷವನ್ನು ಒಳಗಿನಿಂದ ನೋಡಿ ನುಡಿದ ಈ ಮಾತಿಗೆ ಅವನ ಅಭಿಮಾನಿಗಳು ಇನ್ನೂ ಹೆಚ್ಚು ಗಮನ ಕೊಡಬಹುದಾಗಿತ್ತು.

ಅವನ ಇಂಗ್ಲಿಷಿನ ಬಗ್ಗೆಯೂ ಹೇಳಬೇಕು. ಅದು ಗಿಡ್ಡ ಮಾತುಗಳ, ಕೆಲಸದ ಜಾಗದ ಬಳಕೆಯ ಇಂಗ್ಲಿಷ್. ಅಲಂಕಾರಕ್ಕೆ ಹೋದಾಗ ಅವನು ಸೋಲುತ್ತಾನೆ. ಮಾತು ಮತ್ತು ಮಟ್ಟು ಎರಡನ್ನೂ ತಾನೇ ರಚಿಸಿದ 'ವರ್ಕರ್ಸ್ ಆಫ್ ದ ವರ್ಲ್ಡ್, ಅವೇಕನ್' ಮುಂತಾದವು ಅಂದಿನ ದಿವಾನಖಾನೆಯ ಭಾವಗೀತೆಗಳ ಧಾಟಿಗೆ ವಾಲುತ್ತವೆ. ಸಂಘಟನೆಗಾರ್ತಿ ಎಲಿಜಬೆತ್ ಗರ್ಲಿ ಫ್ಲಿನ್ ಅವರನ್ನು ನೆನೆದು 1915ರಲ್ಲಿ ಮುಗಿಸಿದ 'ದ ರೆಬೆಲ್ ಗರ್ಲ್' ಕೂಡ ಆ ದೋಷದಿಂದ ಪೂರ್ತಿ ಪಾರಾಗಿಲ್ಲ. ಅಣಕದಲ್ಲಿ ಅವನು ಮೇಧಾವಿ, ಉದಾತ್ತದಲ್ಲಿ ಸಾಮಾನ್ಯ. ಅಣಕದ ಹಾಡುಗಳಲ್ಲಿ ಅವನ ಪರಭಾಷಿಕತೆಯೇ ಗುಣವಾಗಿ ಪರಿಣಮಿಸಿತೆಂದು ನನಗೆ ತೋರುತ್ತದೆ. ಇಟಲಿಯ, ಫಿನ್ಲೆಂಡಿನ, ಮೆಕ್ಸಿಕೋದ ಕೂಲಿಯೊಂದಿಗೆ ಹಂಚಿಕೊಳ್ಳಬಹುದಾದ ಇಂಗ್ಲಿಷ್ ಎಷ್ಟೆಂಬುದು ಅವನಿಗೆ ಸ್ವಾನುಭವದಿಂದ ಗೊತ್ತಿತ್ತು. 'ಸಿಜರ್ ಬಿಲ್' ಎಂಬ ಹಾಡಿನಲ್ಲಿ ಪರದೇಶಿಗಳನ್ನೆಲ್ಲ ದ್ವೇಷಿಸುವ ಸ್ಥಳೀಯ ಕಾರ್ಮಿಕನೊಬ್ಬನನ್ನು ಗೇಲಿ ಮಾಡುತ್ತಾನೆ. ಆ ಮೂರ್ಖ ಬೈಯುವ ಜನಾಂಗಗಳ ಪಟ್ಟಿಯಲ್ಲಿ ಸ್ವೀಡನ್ನಿನವನೂ ಇದ್ದಾನೆ. ಪಟ್ಟಿಯಲ್ಲಿರುವ ಹೀನ ಪದಗಳು ಮೂರ್ಖನ ಬಾಯವೇ ಆದರೂ, ಇಂದು ಆ ಹಾಡನ್ನು ಇದ್ದಂತೆ ವೇದಿಕೆಯಲ್ಲಿ ಹಾಡುವುದು ಕಷ್ಟ.

ಹಾಡು ಹೇಗೆ ಬಳಕೆಯಾಗುತ್ತಿತ್ತು ಎಂಬುದಕ್ಕೆ ಒಂದು ಕರಾಳ ದಾಖಲೆಯಿದೆ. 1913ರ ಆಗಸ್ಟ್ 3ರಂದು ಕ್ಯಾಲಿಫೋರ್ನಿಯಾದ ವೀಟ್‌ಲ್ಯಾಂಡಿನಲ್ಲಿ, ಡರ್ಸ್ಟ್ ಎಂಬ ಜಮೀನುದಾರನ ಹಾಪ್ಸ್ ತೋಟದಲ್ಲಿ, ಹೆಂಗಸರು ಮಕ್ಕಳೂ ಸೇರಿ ಸುಮಾರು 2800 ಕೂಲಿಗಳಿದ್ದರು. ಬೇಕಾದುದಕ್ಕಿಂತ ಬಹಳ ಹೆಚ್ಚು ಜನರನ್ನು ಕರೆಸಿ ಕೂಲಿ ಇಳಿಸುವುದು ಮಾಲೀಕನ ಹಂಚಿಕೆ. ಸುಡುಬಿಸಿಲಿನಲ್ಲಿ ಕುಡಿಯುವ ನೀರಿಲ್ಲ, ಶೌಚಾಲಯಗಳು ಬೆರಳೆಣಿಕೆಯವು. ಪ್ರತಿಭಟನೆಯ ಸಭೆ ಸೇರಿ ಹಿಲ್‌ನ 'ಮಿಸ್ಟರ್ ಬ್ಲಾಕ್' ಹಾಡುತ್ತಿದ್ದಾಗ ಷೆರೀಫನ ತಂಡ ಬಂದಿಳಿಯಿತು. ಮಾಲೀಕರನ್ನು ಕಣ್ಣುಮುಚ್ಚಿ ನಂಬುವ ಮರದ ತಲೆಯ ಕಾರ್ಮಿಕನೊಬ್ಬ ಆ ಹಾಡಿನ ನಾಯಕ. ಎರ್ನೆಸ್ಟ್ ರೀಬೆ ಎಂಬ ವ್ಯಂಗ್ಯಚಿತ್ರಕಾರನ ಸೃಷ್ಟಿ ಅವನು. ಗುಂಡು ಹಾರಿತು. ಜಿಲ್ಲಾ ಸರಕಾರಿ ವಕೀಲ, ಒಬ್ಬ ಡೆಪ್ಯುಟಿ, ಇಬ್ಬರು ಕೂಲಿಗಳು, ಒಟ್ಟು ನಾಲ್ವರು ಸತ್ತರು. ಸಂಘಟಕರಾದ ಫೋರ್ಡ್ ಮತ್ತು ಸೂರ್ ಎಂಬಿಬ್ಬರಿಗೆ ಕೊಲೆಯ ಆರೋಪದಲ್ಲಿ ಶಿಕ್ಷೆಯಾಯಿತು. ಹಿಲ್ ಅಲ್ಲಿರಲಿಲ್ಲ, ಅವನ ಹಾಡು ಅವನಿಲ್ಲದೆಯೇ ಆ ತೋಟವನ್ನು ಮುಟ್ಟಿತ್ತು.

ಅವನೂ ಸುಮ್ಮನೆ ಕುಳಿತವನಲ್ಲ. 1911ರಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ನಡೆದ ಬಂಡಾಯದಲ್ಲಿ ಪಾಲ್ಗೊಂಡ. 1912ರಲ್ಲಿ ಕೆನಡಾದ ಫ್ರೇಸರ್ ನದಿಯ ದಂಡೆಯ ರೈಲು ಕಾಮಗಾರಿಯ ಮುಷ್ಕರಕ್ಕೆ ಹಾಡು ಕಟ್ಟಿದ. ಅದೇ ವರ್ಷ ಸ್ಯಾನ್ ಪೇದ್ರೊ ಬಂದರಿನ ಮುಷ್ಕರದಲ್ಲಿ ದುಡಿದು, 1913ರಲ್ಲಿ ಅಲೆಮಾರಿತನದ ಆರೋಪದ ಮೇಲೆ 30 ದಿನ ಸೆರೆಯಲ್ಲಿದ್ದ. ಬಳಿಕ ಯೂಟಾ ರಾಜ್ಯಕ್ಕೆ ಬಂದು ಪಾರ್ಕ್ ಸಿಟಿಯ ಬೆಳ್ಳಿ ಗಣಿಗಳಲ್ಲಿ ಕೆಲಸ ಮಾಡಿದ. ಸಾಲ್ಟ್ ಲೇಕ್ ಸಿಟಿಗೆ ಹತ್ತಿರದ ಮರ್ರಿಯಲ್ಲಿ ಎಸೇಲಿಯಸ್ ಎಂಬ ಸ್ವೀಡಿಷ್ ಕುಟುಂಬದ ಮನೆಯಲ್ಲಿ ಉಳಿದುಕೊಂಡಿದ್ದ.

1914ರ ಜನವರಿ 10ರ ಶನಿವಾರ ರಾತ್ರಿ ಸುಮಾರು ಹತ್ತು ಗಂಟೆಗೆ, ಸಾಲ್ಟ್ ಲೇಕ್ ಸಿಟಿಯ ಕಿರಾಣಿ ವ್ಯಾಪಾರಿ, ಹಿಂದೆ ಪೊಲೀಸನಾಗಿದ್ದ ಜಾನ್ ಮಾರಿಸನ್ ಮತ್ತು ಅವನ ಹದಿನೇಳು ವರ್ಷದ ಮಗ ಆರ್ಲಿಂಗ್, ಮುಖ ಮುಚ್ಚಿಕೊಂಡ ಇಬ್ಬರ ಗುಂಡಿಗೆ ಬಲಿಯಾದರು. ಅಂಗಡಿಯಿಂದ ಏನೂ ಕಳವಾಗಲಿಲ್ಲ. ಆರ್ಲಿಂಗ್ ತಿರುಗಿ ಗುಂಡು ಹಾರಿಸಿದ್ದನೆಂದು ಪ್ರಾಸಿಕ್ಯೂಷನ್ ವಾದಿಸಿತು. ಅದೇ ರಾತ್ರಿ ಜೋ ಹಿಲ್ ಎದೆಯ ಎಡಭಾಗದಲ್ಲಿ ಗುಂಡಿನ ಗಾಯದೊಂದಿಗೆ ಫ್ರಾಂಕ್ ಮೆಕ್‌ಹ್ಯೂ ಎಂಬ ವೈದ್ಯನ ಬಾಗಿಲು ತಟ್ಟಿದ. ಒಬ್ಬ ಹೆಂಗಸಿನ ವಿಷಯದ ಜಗಳದಲ್ಲಿ ಗುಂಡು ತಗುಲಿತು, ಆಕೆಯ ಹೆಸರು ಹೇಳಲಾರೆ ಎಂದ. ಕೆಲವೇ ದಿನಗಳಲ್ಲಿ ಅವನ ಬಂಧನವಾಯಿತು. ಅವನೊಡನಿದ್ದ ಗೆಳೆಯ ಓಟೋ ಆಪೆಲ್‌ಕ್ವಿಸ್ಟ್ ಆ ರಾತ್ರಿಯೇ ಊರು ಬಿಟ್ಟಿದ್ದ.

ಜೂನ್ ತಿಂಗಳ ವಿಚಾರಣೆಯ ದಾಖಲೆಗಳನ್ನು ನಿಷ್ಪಕ್ಷಪಾತವಾಗಿ ನೋಡಿದರೂ ಸಾಕ್ಷ್ಯ ಬಡವಾದುದೆಂದೇ ಹೇಳಬೇಕಾಗುತ್ತದೆ. ಹಿಲ್‌ಗೂ ಮಾರಿಸನ್‌ಗೂ ಪರಿಚಯವಿತ್ತೆಂದು ಸಿದ್ಧವಾಗಲಿಲ್ಲ, ಉದ್ದೇಶ ತೋರಿಸಲಾಗಲಿಲ್ಲ. ಅಂಗಡಿಯಲ್ಲಿದ್ದು ಬದುಕುಳಿದ ಕಿರಿಯ ಮಗ ಮರ್ಲಿನ್ ಖಚಿತವಾಗಿ ಗುರುತಿಸಲಿಲ್ಲ. ಹಿಲ್‌ನ ಮೈಯನ್ನು ತೂರಿ ಹೋದ ಗುಂಡು ಅಂಗಡಿಯಲ್ಲಿ ಸಿಗಲಿಲ್ಲ. ಕೋಟಿನ ತೂತು ಮೈಯ ಗಾಯಕ್ಕಿಂತ ಕೆಳಗಿತ್ತು. ಹಾಗಾದರೆ ಗುಂಡು ತಗುಲಿದಾಗ ಅವನು ಕೈಗಳನ್ನು ಮೇಲೆತ್ತಿದ್ದನೆಂದು ಪ್ರತಿವಾದಿ ಪಕ್ಷ ಹೇಳಿತು. ಹಿಲ್ ಮಾತ್ರ ಸಾಕ್ಷಿಕಟ್ಟೆ ಹತ್ತಲಿಲ್ಲ. ವಿಚಾರಣೆಯ ನಡುವೆ ತನ್ನ ವಕೀಲರನ್ನೇ ತೆಗೆದುಹಾಕಲು ಹೊರಟ. ಜೂನ್ 27ರಂದು ಜೂರಿ ಅಪರಾಧಿಯೆಂದು ತೀರ್ಪಿತ್ತಿತು. ನೇಣು ಅಥವಾ ಗುಂಡು, ಎರಡರಲ್ಲೊಂದನ್ನು ಆರಿಸಿಕೊಳ್ಳುವ ಅವಕಾಶ ಯೂಟಾದ ಕಾನೂನಿನಲ್ಲಿತ್ತು. ಅವನು ಗುಂಡನ್ನು ಆರಿಸಿಕೊಂಡ.

ಅವನ ಮೌನವೇ ಈ ಪ್ರಕರಣದ ನಡುಗಂಬ. ಆರೋಪವನ್ನು ಸಾಬೀತುಪಡಿಸುವುದು ಸರಕಾರದ ಹೊಣೆ, ನಿರಪರಾಧವನ್ನು ಸಾಬೀತುಪಡಿಸುವುದು ನನ್ನ ಹೊಣೆಯಲ್ಲ ಎಂಬ ನಿಲುವಿನಿಂದ ಅವನು ಕದಲಲಿಲ್ಲ. 1915ರ ಜುಲೈನಲ್ಲಿ ಯೂಟಾದ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ಸೆಪ್ಟೆಂಬರಿನಲ್ಲಿ ಕ್ಷಮಾದಾನ ಮಂಡಲಿಯ ಎದುರಿಗೆ ಬಂದಾಗ, ಗಾಯ ಹೇಗಾಯಿತೆಂದು ಹೇಳಿದರೆ ದಯೆ ತೋರಿಸುವ ಸೂಚನೆ ಸಿಕ್ಕಿತು. ದಯೆ ಬೇಡ, ಹೊಸ ವಿಚಾರಣೆ ಬೇಕು ಎಂಬುದು ಅವನ ಉತ್ತರ. ವಾಷಿಂಗ್ಟನ್ನಿನಲ್ಲಿದ್ದ ಸ್ವೀಡನ್ನಿನ ರಾಯಭಾರಿ ವಿಲ್ಹೆಲ್ಮ್ ಎಕೆನ್‌ಗ್ರೆನ್ ಮಧ್ಯೆ ಪ್ರವೇಶಿಸಿದ. ಅವನ ಒತ್ತಾಯದಿಂದ ಅಧ್ಯಕ್ಷ ವುಡ್ರೋ ವಿಲ್ಸನ್ ಯೂಟಾದ ಗವರ್ನರ್ ವಿಲಿಯಮ್ ಸ್ಪ್ರೈಗೆ ತಂತಿ ಕಳುಹಿಸಿದ್ದರಿಂದ ಶಿಕ್ಷೆ ಕೆಲವು ದಿನ ಮುಂದಕ್ಕೆ ಹೋಯಿತು. ಎರಡನೆಯ ಸಲ ವಿಲ್ಸನ್ ಕೇಳಿಕೊಂಡಾಗ ಗವರ್ನರ್ ಒಪ್ಪಲಿಲ್ಲ. ಬದ್ಧ ಪ್ರತಿಸ್ಪರ್ಧಿಯಾಗಿದ್ದ ಅಮೆರಿಕನ್ ಫೆಡರೇಶನ್ ಆಫ್ ಲೇಬರ್ ಕೂಡ ಮನವಿ ಮಾಡಿತ್ತು. 1915ರ ನವೆಂಬರ್ 19ರ ಬೆಳಗ್ಗೆ ಸಾಲ್ಟ್ ಲೇಕ್ ಸಿಟಿಯ ಸೆರೆಮನೆಯ ಅಂಗಳದಲ್ಲಿ ಅವನಿಗೆ ಗುಂಡಿಕ್ಕಿದರು. ಹಿಂದಿನ ದಿನ ಅವನು ಪದ್ಯರೂಪದ ಒಂದು ಉಯಿಲು ಬರೆದಿದ್ದ. ಸಂಘದ ಮುಖಂಡ ಬಿಲ್ ಹೇವುಡ್‌ಗೆ ಕಳುಹಿಸಿದ ತಂತಿಯಲ್ಲಿ ತನಗಾಗಿ ಅಳುತ್ತ ಕಾಲ ಕಳೆಯದೆ ಸಂಘ ಕಟ್ಟಿರೆಂದು ಕೇಳಿಕೊಂಡಿದ್ದ.

ಅವನು ನಿರ್ದೋಷಿಯೆ? 1948ರಲ್ಲಿ ಕಾದಂಬರಿಕಾರ ವಾಲೇಸ್ ಸ್ಟೆಗ್ನರ್ ಅವನು ಅಪರಾಧಿಯಾಗಿದ್ದಿರಬಹುದೆಂದು ಬರೆದಾಗ ಸಂಘದವರು ಆ ಪತ್ರಿಕೆಯ ಕಚೇರಿಯ ಮುಂದೆ ಧರಣಿ ಹೂಡಿದರು. 1965ರಲ್ಲಿ ಫಿಲಿಪ್ ಫೋನರ್ ಪೂರ್ಣ ನಿರ್ದೋಷಿಯೆಂದು ವಾದಿಸಿದ. 2011ರಲ್ಲಿ ವಿಲಿಯಮ್ ಆಡ್ಲರ್ ತನ್ನ ಜೀವನಚರಿತ್ರೆಯಲ್ಲಿ ಎರಡು ಹೊಸ ಸಂಗತಿಗಳನ್ನು ಮುಂದಿಟ್ಟ. ಒಂದು, ಮ್ಯಾಗ್ನಸ್ ಓಲ್ಸನ್ ಎಂಬ ರೂಢಿಗತ ಅಪರಾಧಿಯ ಮೇಲಿದ್ದ ಬಲವಾದ ಅನುಮಾನ. ಅವನನ್ನು ಪೊಲೀಸರು ಆಗ ಹಿಡಿದು ಬಿಟ್ಟುಬಿಟ್ಟಿದ್ದರು. ಇನ್ನೊಂದು, ಎಸೇಲಿಯಸ್ ಮನೆಯ ಬಂಧು ಹಿಲ್ಡಾ ಎರಿಕ್‌ಸನ್ 1949ರಲ್ಲಿ ಬರೆದ ಪತ್ರ. ಆಕೆ ಆಪೆಲ್‌ಕ್ವಿಸ್ಟನೊಡನೆ ಆಗಿದ್ದ ನಿಶ್ಚಿತಾರ್ಥವನ್ನು ಮುರಿದುಕೊಂಡಿದ್ದಳು. ಅಸೂಯೆಯಿಂದ ಅವನೇ ತನಗೆ ಗುಂಡು ಹಾರಿಸಿದನೆಂದು ಹಿಲ್ ಆಕೆಗೆ ತಿಳಿಸಿದ್ದನೆಂದು ಪತ್ರದಲ್ಲಿದೆ. ಮೂವತ್ತೈದು ವರ್ಷಗಳ ಮೇಲಿನ ನೆನಪು ಎಂಬ ಎಚ್ಚರ ಬೇಕಾದರೂ, ಹಿಲ್ ಮೊದಲ ರಾತ್ರಿ ವೈದ್ಯನಿಗೆ ಹೇಳಿದ ಮಾತಿಗೆ ಈ ಪತ್ರ ಹೊಂದುತ್ತದೆ. ಆಕೆಯನ್ನು ನ್ಯಾಯಾಲಯ ಸಾಕ್ಷಿಯಾಗಿ ಕೇಳಲೇ ಇಲ್ಲ. ಅವನು ಕೊಂದಿಲ್ಲವೆಂಬುದು ಗಣಿತದಂತೆ ಸಿದ್ಧವಾಗಿಲ್ಲ. ಮರಣದಂಡನೆ ಕೊಡುವಷ್ಟು ಸಾಕ್ಷ್ಯವಿರಲಿಲ್ಲವೆಂಬುದು ಮಾತ್ರ ನನ್ನ ಮಟ್ಟಿಗೆ ಸಿದ್ಧವಾಗಿದೆ.

ಯೂಟಾದ ನೆಲದಲ್ಲಿ ತನ್ನ ಹೆಣವೂ ಬೀಳಬಾರದೆಂದು ಹಿಲ್ ಹೇಳಿದ್ದ. ಶವವನ್ನು ಷಿಕಾಗೋಗೆ ಒಯ್ದರು. ಅಲ್ಲಿ ಸಾವಿರಾರು ಜನ ಸೇರಿದ ಅಂತ್ಯಯಾತ್ರೆಯಲ್ಲಿ ಹಲವು ಭಾಷೆಗಳಲ್ಲಿ ಭಾಷಣಗಳಾದವು. ಪ್ರಾರ್ಥನೆಗಳ ಬದಲಿಗೆ ಅವನ ಹಾಡುಗಳನ್ನೇ ಹಾಡಿದರು. ದಹನದ ಬೂದಿಯನ್ನು ಸಣ್ಣ ಸಣ್ಣ ಲಕೋಟೆಗಳಲ್ಲಿ ತುಂಬಿ ದೇಶವಿದೇಶಗಳ ಶಾಖೆಗಳಿಗೆ ಕಳುಹಿಸಿದರು. ಸಂಘಕ್ಕೆ ಮುಂದೆ ಬಂದದ್ದು ಕಷ್ಟಕಾಲ. ಅಮೆರಿಕ ಮಹಾಯುದ್ಧಕ್ಕಿಳಿದ ಮೇಲೆ, 1918ರಲ್ಲಿ, ಷಿಕಾಗೋದ ಒಂದೇ ಮೊಕದ್ದಮೆಯಲ್ಲಿ ನೂರು ಜನಕ್ಕೆ ಶಿಕ್ಷೆಯಾಯಿತು. ಅಂಚೆಯವರು 1917ರಲ್ಲಿ ತಡೆಹಿಡಿದಿದ್ದ ಬೂದಿಯ ಲಕೋಟೆಯೊಂದು ರಾಷ್ಟ್ರೀಯ ಪತ್ರಾಗಾರದಲ್ಲಿ ಬಹುಕಾಲ ಬಿದ್ದಿದ್ದು, 1988ರಲ್ಲಿ ಸಂಘದ ಕೈಗೆ ಮರಳಿತು.

ಹುಟ್ಟಿದ ನಾಡಿಗೆ ಅವನು ನಿಧಾನವಾಗಿ ಹಿಂದಿರುಗಿದ. ಕವಿಯೂ ಎಡಪಂಥೀಯ ರಾಜಕಾರಣಿಯೂ ಆಗಿದ್ದ ತೂರೆ ನೇರ್ಮನ್ 1951ರಲ್ಲಿ ಅವನನ್ನು ಕುರಿತು ಸ್ವೀಡಿಷ್ ಪುಸ್ತಕವನ್ನು ಪ್ರಕಟಿಸಿದ. ಬೂ ವಿಡರ್‌ಬೆರಿ ನಿರ್ದೇಶಿಸಿದ 'ಜೋ ಹಿಲ್' ಚಲನಚಿತ್ರ 1971ರ ಕಾನ್ ಉತ್ಸವದಲ್ಲಿ ಜೂರಿ ಪ್ರಶಸ್ತಿ ಪಡೆಯಿತು. ಅದೇ ಕಾಲದಲ್ಲಿ ಸ್ವೀಡನ್ನಿನಲ್ಲಿ ರಾಜಕೀಯ ಹಾಡುಗಾರಿಕೆಯ ಹೊಸ ಅಲೆ ಎದ್ದಿತ್ತು. ಇಂಗ್ಲಿಷಿನಿಂದ ತಾಯಿನುಡಿಗೆ ಅನುವಾದಗೊಂಡ ಅವನ ಹಾಡುಗಳು ಆ ಹೊಸ ಗಾಯಕರ ಬಾಯಿಗೆ ಬಂದವು. ಯೇವ್ಲೆಯಲ್ಲಿ ಹೆಗ್ಲುಂಡ್ ಕುಟುಂಬ ವಾಸವಾಗಿದ್ದ ಮರದ ಮನೆ ಈಗ ಅವನ ಹೆಸರಿನ ವಸ್ತುಸಂಗ್ರಹಾಲಯ. ಅವನ ಸ್ವಂತ ಸ್ವೀಡಿಷ್ ಬರಹಗಳನ್ನು, 1906ರ ಆ ಭೂಕಂಪದ ವರದಿಯಿಂದ ಮೊದಲುಗೊಂಡು, ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿಟ್ಟು ಓದಿದರೆ, ಎರಡನೆಯ ಭಾಷೆಯಲ್ಲಿ ಅವನು ಪಡೆದುಕೊಂಡ ಹಾಸ್ಯ ಎಲ್ಲಿಂದ ಬಂದಿತೆಂಬುದಕ್ಕೆ ಕೆಲವು ಸುಳಿವುಗಳು ಸಿಗುವ ಸಂಭವವಿದೆ.